ಇಣುಕುವ ಕಿಂಡಿ ಇಟ್ಟ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗಣಕ ಕೇಂದ್ರದ ನೆಲಮಾಳಿಗೆಯಲ್ಲಿ ಸೂಪರ್‌ಕಂಪ್ಯೂಟರ್ ಗುಂಯ್ ಎನ್ನುತ್ತಿದೆ. ಸಾಲು ಸಾಲು ಕಪ್ಪು ಬೀರುಗಳು. ಅವು ಹೊರಹಾಕುವ ಬಿಸಿಯುಸಿರಿಗೆ ಹಿಂದಿನ ಬೀದಿಯಲ್ಲಿ ಹರವಿದ ಬಟ್ಟೆ ಮಳೆಯಲ್ಲೂ ಒಣಗುತ್ತದಂತೆ, ಊರಿನ ಬೆಕ್ಕುಗಳೆಲ್ಲ ಸರದಿ ಹಚ್ಚಿ ಅಲ್ಲಿ ಮಲಗುತ್ತವಂತೆ. ಒಳಗೆ ಮಾತ್ರ ಮೂಳೆ ಕೊರೆಯುವ ಚಳಿ. ಎರಡು ಶಾಲು ಹೊದ್ದ ಹೆಂಗಸೊಬ್ಬರು ಪರದೆಯ ಮುಂದೆ ಮುದುಡಿ ಕೂತಿದ್ದಾರೆ.

"ಏನ್ ಇಣುಕಕ್ಕ, ಇವತ್ತೂ ಕೋಳಿಗಿಂತ ಮೊದ್ಲೇ ಬಂದ್ರಾ?" ಎನ್ನುತ್ತಾನೆ ಏಸಿ ಮೆಕ್ಯಾನಿಕ್, ಪೈಪು ತಟ್ಟುತ್ತಾ.

"ಕೋಳಿಗೇನಪ್ಪ, ಕೂಗಿದ್ರೆ ಆಯ್ತು. ಸರಿಯಾಗಿ ಕೂಗಿದ್ಯಾ ಅಂತ ಯಾರೂ ಕೇಳಲ್ಲ."

ಕ್ವಾಂಟಮ್ ಕಂಪ್ಯೂಟರ್ ಎನ್ನುವುದು ಬಲು ನಾಜೂಕಿನ ಯಂತ್ರ. ಅದರಲ್ಲಿ ಸರದಿ ಸಿಗುವಷ್ಟರಲ್ಲಿ ಗಡ್ಡ ಬೆಳೆದು ನೆಲ ಗುಡಿಸುತ್ತದೆ. ಹಾಗಾಗಿ ಸಂಶೋಧಕರು ಮೊದಲು ಇಲ್ಲಿ ತಾಲೀಮು ನಡೆಸುತ್ತಾರೆ. ಸೂಪರ್‌ಕಂಪ್ಯೂಟರ್‌ಗೆ ಕ್ವಾಂಟಮ್ ಯಂತ್ರದ ವೇಷ ಹಾಕಿಸುವ ತಂತ್ರಾಂಶವನ್ನು ಬರೆದು ಸಾಕುತ್ತಿರುವವರು ಈ ಅಕ್ಕ. ಅಸಲಿ ಯಂತ್ರಕ್ಕೆ ಕ್ಯೂಬಿಟ್ ಎಂಬ ಒಂದು ಚೂರು ಹೆಚ್ಚಿದರೆ ಇಲ್ಲಿ ನೆನಪಿನ ಜಾಗ ಎರಡರಷ್ಟು ಬೇಕು. ಮೂವತ್ತು ಕ್ಯೂಬಿಟ್ಟಿನ ವೇಷ ಒಂದೇ ಒಳ್ಳೆಯ ಕಂಪ್ಯೂಟರಿನಲ್ಲಿ ಹಿಡಿಸುತ್ತದೆ. ನಲವತ್ತಕ್ಕೆ ಅಂಥವು ಸಾವಿರ ಬೇಕು.

"ನೆಂಟ ಒಬ್ಬ ಹೆಚ್ಗೆ ಬಂದ ಅಂತ ಪಕ್ಕದಲ್ಲಿ ಅಷ್ಟೇ ದೊಡ್ಡ ಮನೆ ಇನ್ನೊಂದು ಕಟ್ಟಿಸ್ದಂಗೆ" ಎಂದು ನಗುತ್ತಾರೆ.

ಟೈಪಿಸ್ಟ್ ಆಗಿ ಸೇರಿದವರು. ಗಂಡ ಟೈಲರ್. ಅವರ ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಕೂತು, ಬಟ್ಟೆ ಚೂರುಗಳ ನಡುವೆ, ತಂತ್ರಾಂಶ ಬರೆಯುವ ಈ ವಿದ್ಯೆ ಕಲಿತರು. "ನಾನು ಹೊಲ್ದಿದ್ದು ಬಿಚ್ಚಿದ್ರೆ ಕಾಣುತ್ತೆ. ಇವಳು ಹೊಲ್ದಿದ್ದು ಹೊಲ್ದಿದಾಳೆ ಅಂತ ನಂಬಬೇಕಷ್ಟೆ" ಎನ್ನುವುದು ಗಂಡನ ತಮಾಷೆ.

ಇಣುಕಕ್ಕ ಎಂಬ ಅಡ್ಡಹೆಸರು ಬಂದದ್ದು ಅವರು ತಂತ್ರಾಂಶದಲ್ಲಿಟ್ಟ ಒಂದು ಕಿಂಡಿಯಿಂದ. ಅಸಲಿ ಯಂತ್ರದಲ್ಲಿ ಲೆಕ್ಕದ ನಡುವೆ ಇಣುಕಿದರೆ ಲೆಕ್ಕವೇ ಕೆಡುತ್ತದೆ. ವೇಷದ ಯಂತ್ರಕ್ಕೆ ಆ ಕಷ್ಟವಿಲ್ಲ. ಕಲಿಯುವವರಿಗೆ ಒಳಗೇನಾಗುತ್ತಿದೆ ಎಂದು ಕಾಣಲಿ ಎಂದು ಅಕ್ಕ "ಇಣುಕು" ಎಂಬ ಆಜ್ಞೆಯನ್ನು ಸೇರಿಸಿದರು. ಎಲ್ಲರೂ ಹೊಗಳಿದರು. ಎಲ್ಲರಿಗಿಂತ ಹೆಚ್ಚು ಹೊಗಳಿದವನು ಅವರ ಒಡಹುಟ್ಟಿದ ತಮ್ಮ.

ತಮ್ಮ ಆಗ ಇದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಸಂಶೋಧಕ. ಹೊಸ ಲೆಕ್ಕದ ವಿಧಾನವೊಂದನ್ನು ಕಟ್ಟುತ್ತಿದ್ದ. ಸರಿಯಿದೆಯೇ ಎಂದು ನೋಡಲು ನಡುವೆ ಒಂದು ಇಣುಕು ಹಾಕಿದ, ಆಮೇಲೆ ತೆಗೆದರಾಯಿತು ಎಂದುಕೊಂಡ. ಇಣುಕಿ ಕಂಡದ್ದರ ಮೇಲೆ ಇನ್ನಷ್ಟು, ಅದರ ಮೇಲೆ ಮತ್ತಷ್ಟು ಕಟ್ಟುತ್ತಾ ಹೋದ. ಇಲ್ಲಿ ಫಲಿತಾಂಶ ಹೂವಿನಂತೆ ಬಂತು. ವರ್ಷಗಟ್ಟಲೆ ದುಡಿದು, ಕೊನೆಗೆ ಹತ್ತಾರು ಜನರ ಮುಂದೆ ಅಸಲಿ ಯಂತ್ರಕ್ಕೆ ಹಾಕಿದಾಗ ಬಂದದ್ದು ಬರೀ ಕಸ. ಅವನ ವಿಧಾನ ನಿಂತಿದ್ದೇ ಆ ಇಣುಕಿನ ಮೇಲೆ. ಅದನ್ನು ತೆಗೆದರೆ ಏನೂ ಉಳಿಯುತ್ತಿರಲಿಲ್ಲ. ಕೆಲಸ ಬಿಟ್ಟ. ಈಗ ಮಕ್ಕಳಿಗೆ ಮನೆಪಾಠ ಹೇಳುತ್ತಾನೆ.

ಅಕ್ಕ ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತಾರೆ. "ನಾನು ನೋಡಿದ್ದೆ. ಅವನ ಕೆಲ್ಸ ಓಡ್ವಾಗೆಲ್ಲ ಆ ಇಣುಕು ನನ್ ಕಣ್ಮುಂದೇನೇ ಹೋಗ್ತಿತ್ತು. ಓದಿರೋನು, ಗೊತ್ತಿರುತ್ತೆ ಬಿಡು ಅಂದ್ಕೊಂಡೆ. ಒಂದ್ ಮಾತು ಕೇಳಿದ್ರೆ ನನ್ ಗಂಟೇನು ಹೋಗ್ತಿತ್ತು?"

ತಮ್ಮ ಒಂದು ದಿನವೂ ಬೈಯಲಿಲ್ಲ. ಮನೆಗೆ ಬರುವುದನ್ನು ಬಿಟ್ಟ, ಅಷ್ಟೆ.

ಇಂದು ತಂತ್ರಾಂಶದ ಹೊಸ ಆವೃತ್ತಿ ಹೊರಬೀಳುತ್ತದೆ. ಇನ್ನು ಮೇಲೆ ಯಾರೇ ಇಣುಕಿದರೂ ಫಲಿತಾಂಶದ ನೆತ್ತಿಯ ಮೇಲೆ "ಇಣುಕಿದ್ದೀರಿ, ಅಸಲಿಯಲ್ಲಿ ಇದು ನಡೆಯದು" ಎಂಬ ಸಾಲು ಕೂರುತ್ತದೆ. ಬಿಡುಗಡೆಗೆ ಮೊದಲು ತಮ್ಮ ಒಮ್ಮೆ ಓಡಿಸಿ ನೋಡಲಿ ಎಂದು ಅಕ್ಕನಿಗೆ ಆಸೆ. ಬಿಸಿಲು ಬಿದ್ದ ಮೇಲೆ ಫೋನ್ ಮಾಡುತ್ತಾರೆ. ಎತ್ತುವವಳು ಅವನ ಹೆಂಡತಿ.

"ಪಾಠಕ್ಕೆ ಹೋಗಿದಾರೆ ಅಕ್ಕಾ."

"ಹೌದೇನಮ್ಮ. ಪಕ್ಕದಲ್ಲಿ ಕೆಮ್ತಿರೋದ್ಯಾರು?"

"ಏನು ಹೇಳ್ಲಿ ಅಕ್ಕಾ ನಾನು?"

"ಏನೂ ಹೇಳ್ಬೇಡ. ಬಿಸಿನೀರು ಕೊಡು ಅವ್ನಿಗೆ."

ಫೋನಿಟ್ಟು, ಹೊಸ ಆವೃತ್ತಿಯನ್ನು ತಾವೇ ಇನ್ನೊಮ್ಮೆ ಓಡಿಸುತ್ತಾರೆ. ಸಾಲು ಸರಿಯಾಗಿ ಬರುತ್ತದೆ. ಬಿಡುಗಡೆಯ ಗುಂಡಿ ಒತ್ತುತ್ತಾರೆ. ಇಷ್ಟೆಲ್ಲ ಮಾಡಿದವರ ಹೆಸರು ಎಲ್ಲಾದರೂ ಕಾಣಬೇಡವೇ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ.

"ಹೆಸ್ರು ತಗೊಂಡು ಏನ್ ಮಾಡ್ಲಿ? ಇನ್ನೊಬ್ರ ಮನೆ ಹುಡುಗ್ರು ನಮ್ಮವನ ಥರ ಬೀಳಲ್ಲ, ಅಷ್ಟು ಸಾಕು. ಅವನು ಮಾತ್ರ ಒಂದ್ಸಲ ಬಂದು, ಎದುರಿಗೆ ಕೂತು, ಬಾಯ್ತುಂಬ ಬೈದು ಹೋಗ್ಲಿ. ಸುಮ್ನಿದಾನಲ್ಲ, ಅದೇ ತಡ್ಕೊಳಕ್ಕಾಗ್ತಿಲ್ಲ."