ಚೀನೀ ನಟನಿಗೆ ನನ್ನ ಕನ್ನಡ

ಪರದೇಶದ ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯಲ್ಲಿ ಐದಾರು ವರ್ಷ ಒಬ್ಬ ಚೀನೀ ನಟ ಮಂಡ್ಯದ ಕನ್ನಡ ಮಾತಾಡಿದ. ಮಾತಾಡಿಸಿದವಳು ನಾನು. ನನ್ನ ಅವ್ವನಿಗೆ ಇಂಗ್ಲಿಷ್ ಬರದು, ಚೀನೀ ಭಾಷೆಯಂತೂ ನಮ್ಮಿಬ್ಬರಿಗೂ ಬರದು. ಶನಿವಾರ ಮಧ್ಯಾಹ್ನ ಊಟ ಮುಗಿಸಿ ಅವನ ಸಿನಿಮಾ ಹಾಕಿದರೆ, ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ನಾನು ಗಟ್ಟಿಯಾಗಿ ಕನ್ನಡದಲ್ಲಿ ಹೇಳಬೇಕು. ಒಂದು ಸಾಲು ತಪ್ಪಿದರೂ ಅವ್ವ ಬಿಡುತ್ತಿರಲಿಲ್ಲ. “ಅವ್ನು ಅಷ್ಟುದ್ದ ಬಾಯಾಡಿಸ್ದ, ನೀನು ಎರಡೇ ಮಾತು ಹೇಳ್ತೀಯಲ್ಲ. ಮಿಕ್ಕಿದ್ದೆಲ್ಲ ನುಂಗ್ಬುಟ್ಟಾ?”

ಮೊದಮೊದಲ ಸಿನಿಮಾಗಳಲ್ಲಿ ನನಗೆ ಹೆಚ್ಚು ಕೆಲಸವಿರಲಿಲ್ಲ. ಹುಡುಗನಾಗಿದ್ದಾಗ ಅವನು ಬೇರೆ ಹೀರೋಗಳ ಬದಲಿಗೆ ಮಹಡಿಯಿಂದ ಬೀಳುತ್ತಿದ್ದನಂತೆ. ಆಮೇಲೆ ತಾನೇ ಹೀರೋ ಆದ. ಬೆಂಚು, ಏಣಿ, ಬಾಣಲೆ, ಕೈಗೆ ಸಿಕ್ಕಿದ್ದರಲ್ಲಿ ಹೊಡೆದಾಡುತ್ತಿದ್ದ. ಅವ್ವ ಸೋಫಾದ ತುದಿಗೆ ಬಂದು “ಬುಡಬ್ಯಾಡ, ಇನ್ನೊಂದು ಹಾಕು ಅವ್ನಿಗೆ!” ಎಂದು ಕೂಗುವಳು. ರೂಮಿನೊಳಗಿಂದ ನನ್ನ ಮಗ “ಅಜ್ಜಿ, ಪ್ಲೀಸ್! ಐ ಆಮ್ ಸ್ಟಡೀಯಿಂಗ್!” ಎನ್ನುವನು. ಅವ್ವ ಅವನ ಮಾತಿಗೆ ಕ್ಯಾರೇ ಅನ್ನುತ್ತಿರಲಿಲ್ಲ.

ನಡುವಯಸ್ಸಿನಲ್ಲಿ ಶೂಟಿಂಗಿನಲ್ಲಿ ಬಿದ್ದು ಅವನ ಮೊಣಕಾಲು ಹೋಯಿತು. ಬಹಳ ದಿನ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದನೆಂದು ಎಲ್ಲೋ ಓದಿ ಹೇಳಿದಾಗ ಅವ್ವ “ಯಾರು ಹೆತ್ತ ಮಗನೋ, ಪಾಪ” ಎಂದು ಮರುಗಿದಳು. ಮರಳಿ ಬಂದಾಗ ಅವನಿಗೆ ಸಿಕ್ಕಿದ್ದು ಮೇಷ್ಟರ ಪಾತ್ರ, ಅಪ್ಪನ ಪಾತ್ರ. ಒದೆ ಕಮ್ಮಿಯಾಗಿ ಮಾತು ಜಾಸ್ತಿಯಾಯಿತು. ಅವನ ಮಂಡಿ ಸವೆದಷ್ಟೂ ನನ್ನ ಗಂಟಲು ಸವೆಯಿತು. ವಾರವೆಲ್ಲ ಆಫೀಸಿನ ಮೀಟಿಂಗುಗಳಲ್ಲಿ ಅರಚಿ ಬಂದವಳು, ಗೊಣಗಿಕೊಂಡೇ ಹೇಳುತ್ತಿದ್ದೆ. ಅಂಥದ್ದೊಂದು ಮಧ್ಯಾಹ್ನ ಈಗ ಸಿಕ್ಕರೆ ಗಂಟಲು ಕಟ್ಟುವ ತನಕ ಹೇಳಿಯೇನು.

ಹೋದ ವರ್ಷ ಅವ್ವನಿಗೆ ಹೊಟ್ಟೆನೋವು ಹಿಡಿದದ್ದು ಬಿಡಲೇ ಇಲ್ಲ. ಆಸ್ಪತ್ರೆಯಲ್ಲಿ, ಡಾಕ್ಟರ ಮಾತನ್ನು ಅವ್ವನಿಗೆ ತಿಳಿಸಲು ಕನ್ನಡದವರನ್ನು ಫೋನಿನಲ್ಲಿ ಕರೆಯುತ್ತೇವೆ ಎಂದರು. ಬೇಡ, ನಾನಿದ್ದೇನಲ್ಲ ಎಂದೆ. ಕಾಯಿಲೆ ಲಿವರಿಗೂ ಹಬ್ಬಿದೆ, ವಾಸಿಯಾಗುವುದಿಲ್ಲ, ನೋವು ಕಮ್ಮಿ ಮಾಡಬಹುದಷ್ಟೇ ಎಂದರು ಡಾಕ್ಟರು. ಅವ್ವ ನನ್ನ ಮುಖ ನೋಡಿದಳು. “ಹೊಟ್ಟೇಲಿ ಹುಣ್ಣಂತೆ ಕಣವ್ವ. ಮಾತ್ರೆ ತಗೊಂಡ್ರೆ ನಿಧಾನಕ್ಕೆ ವಾಸಿಯಾಯ್ತದಂತೆ” ಎಂದೆ. ಅವಳು ಸರಿ ಎಂದು ತಲೆಯಾಡಿಸಿದಳು.

ಆ ಶನಿವಾರ ಅವನ ಹೊಸ ಸಿನಿಮಾ ಹಾಕಿದೆ. ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು. ಕೊನೆಯಲ್ಲಿ, ಹಾಸಿಗೆ ಹಿಡಿದ ಮುದುಕನಾಗಿ ಮಗಳಿಗೆ ಹೇಳುತ್ತಾನೆ: ನಾನಿನ್ನು ಏಳುವುದಿಲ್ಲ, ನೀನು ಗಟ್ಟಿಯಾಗಿರು. ಸಾಲು ಕಣ್ಣೆದುರಿಗೇ ಇತ್ತು, ಬಾಯಿಗೆ ಬರಲಿಲ್ಲ. “ನಾಳೆ ಎದ್ದು ಓಡಾಡ್ತೀನಿ, ನೀನು ಹೆದರ್ಬ್ಯಾಡ ಅಂತಾನೆ” ಎಂದೆ.

ಸಿನಿಮಾದ ಮಗಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅವ್ವ ರಿಮೋಟು ತೆಗೆದುಕೊಂಡು ನಿಲ್ಲಿಸಿದಳು.

“ಎದ್ದು ಓಡಾಡೋನಾದ್ರೆ ಆ ಹೆಣ್ಣು ಯಾಕಂಗೆ ಅಳ್ತದೆ? ಇಷ್ಟು ವರ್ಸದಿಂದ ಅವನ ಮುಖ ನೋಡ್ತಾ ಇವ್ನಿ, ನಂಗೆ ತಿಳಿಯಾಕಿಲ್ವಾ? ಅವ್ನು ಹೋಯ್ತಾವ್ನೆ.”

ನಾನು ರಿಮೋಟಿಗೆ ಕೈ ಚಾಚಿದೆ, ಅವಳು ಕೊಡಲಿಲ್ಲ.

“ಡಾಕ್ಟ್ರು ಅಂದಿದ್ದನ್ನೂ ಹಿಂಗೇ ತಿರುಗಿಸ್ದಾ?”

ಮತ್ತೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಅವ್ವ ಹೆದರಲಿಲ್ಲವೆನ್ನಲಾರೆ. ಸೆರಗಿನ ಅಂಚನ್ನು ಮಡಿಸುತ್ತ, ಬಿಡಿಸುತ್ತ ಕೂತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಯ್ಯೋ ನನ್ ಮಗಳೇ, ಇದನ್ನ ಒಬ್ಳೇ ಹೊಟ್ಟೇಲಿ ಇಕ್ಕಂಡು ಆಫೀಸಿಗೆ ಹೋಗ್ತಿದ್ದಾ? ಬಾ ಇಲ್ಲಿ.”

ಧೈರ್ಯ ಹೇಳಬೇಕಾದವಳು ನಾನು. ಅವಳ ಮಡಿಲಲ್ಲಿ ಮುಖವಿಟ್ಟು ಹೋ ಎಂದು ಅತ್ತುಬಿಟ್ಟೆ.