ಬೆರಳು ತೋರಿಸಿ ‘ಯೋಶಿ’

ಜಪಾನಿ ಕ್ರಿಯಾಪದಗಳನ್ನು ನಾನು ಕಲಿತದ್ದು ಮೆಟ್ರೊದಲ್ಲಿ, ಕಂಬಕ್ಕೆ ಒರಗಿ ನಿಂತು. ಮಯೂರ್ ವಿಹಾರದ ಚಿಕ್ಕಮ್ಮನ ಮನೆಯಿಂದ ಮಾನೇಸರ್‌ನ ಕಾರ್ಖಾನೆಗೆ ಮೊದಲು ಮೆಟ್ರೊ, ಆಮೇಲೆ ಕಂಪನಿ ಬಸ್. ಫೋನಿನ ಆ್ಯಪ್ ಒಂದೊಂದೇ ಕಾರ್ಡ್ ತೋರಿಸುತ್ತದೆ. ಉತ್ತರ ನೆನಪಾದರೆ ಆ ಕಾರ್ಡ್ ದೂರ ಹೋಗುತ್ತದೆ: ಮೊದಲು ನಾಳೆಗೆ, ಆಮೇಲೆ ಮುಂದಿನ ವಾರಕ್ಕೆ, ಆಮೇಲೆ ತಿಂಗಳಾಚೆಗೆ. ಮರೆತರೆ ಮುಂದಿನ ಸ್ಟೇಷನ್ ಬರುವುದರೊಳಗೆ ಮತ್ತೆ ಎದುರಿಗೆ ನಿಲ್ಲುತ್ತದೆ. ತೊಮೆರು, ನಿಲ್ಲಿಸು. ತೊಮೆತೆ, ನಿಲ್ಲಿಸಿ. ತೊಮೆತ, ನಿಲ್ಲಿಸಿದ. ತೊಮೆನಕತ್ತ, ನಿಲ್ಲಿಸಲಿಲ್ಲ. ಪುಸ್ತಕದ ವಾಕ್ಯಗಳಲ್ಲಿ ಬರೀ ಸೇಬು, ಬೆಕ್ಕು, ಶಾಲೆ. ಬೇಸತ್ತು ಕಾರ್ಡುಗಳಿಗೆ ಕಾರ್ಖಾನೆಯ ವಾಕ್ಯಗಳನ್ನೇ ಹಾಕಿಕೊಂಡಿದ್ದೆ. ಪ್ರೆಸ್ ನಿಲ್ಲಿಸಿ. ಪ್ರೆಸ್ ನಿಲ್ಲಿಸಲಿಲ್ಲ.

ನಮ್ಮದು ತಗಡನ್ನು ಪ್ರೆಸ್ಸಿನ ಡೈಯಲ್ಲಿ, ಅಂದರೆ ಅಚ್ಚಿನಲ್ಲಿ, ಒತ್ತಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆ. ನಾನು ಕ್ವಾಲಿಟಿ ವಿಭಾಗದ ಎಂಜಿನಿಯರ್. ಜಪಾನಿನಿಂದ ಬಂದ ಸಲಹೆಗಾರರೊಬ್ಬರಿಗೆ ದುಭಾಷಿ ಬೇಕಾದಾಗ, ಕಲಿಯುತ್ತಿದ್ದೇನೆಂಬ ಕಾರಣಕ್ಕೆ ಆ ಕೆಲಸವೂ ನನ್ನ ತಲೆಗೆ ಬಿತ್ತು. ಅವರು ತಂದ ಪದ್ಧತಿ ಒಂದಿತ್ತು. ಪಾಳಿ ಶುರುವಾಗುವ ಮೊದಲು ಪ್ರತಿ ಆಪರೇಟರ್ ತೋರುಬೆರಳನ್ನು ಚಾಚಿ ಮೆಷಿನ್ನಿನ ಒಂದೊಂದು ಭಾಗ ತೋರಿಸಿ, ‘ಯೋಶಿ!’ ಎಂದು ಕೂಗಬೇಕು. ಸರಿಯಿದೆ ಎಂದು ಅರ್ಥ. ಎಣ್ಣೆ, ಯೋಶಿ. ಡೈ, ಯೋಶಿ. ಸೆನ್ಸರ್, ಯೋಶಿ. ಈ ಸೆನ್ಸರ್ ಪ್ರೆಸ್ಸಿನ ಬಾಯಿಗೆ ಅಡ್ಡವಾಗಿರುವ, ಕಣ್ಣಿಗೆ ಕಾಣದ ಬೆಳಕಿನ ಪರದೆ. ಕೈ ಒಳಗೆ ಹೋದರೆ ಪ್ರೆಸ್ ತಾನಾಗಿ ನಿಲ್ಲಬೇಕು.

ಮೂರನೇ ಪ್ರೆಸ್ಸಿನಲ್ಲಿ ಬಿಹಾರದ ಆಪರೇಟರ್ ಒಬ್ಬನಿದ್ದ, ಆಳು ಒದಗಿಸುವ ಗುತ್ತಿಗೆದಾರನ, ಅಲ್ಲಿನವರ ಮಾತಿನಲ್ಲಿ ಠೇಕೇದಾರನ, ಕಡೆಯವನು. ನನ್ನನ್ನು ಕಂಡರೆ ಅವನ ಯೋಶಿ ಇನ್ನೂ ಜೋರಾಗುತ್ತಿತ್ತು.

“ದೀದಿ, ನಿಮ್ಮ ಜಪಾನಿ ಪೂಜೆ ಮುಗೀತು. ಪ್ರಸಾದ ಎಲ್ಲಿ?”

“ಕ್ಯಾಂಟೀನಿನಲ್ಲಿ, ಭಯ್ಯಾ. ನೀರಿನಂಥ ದಾಲ್.”

ಒಂದು ಬೆಳಿಗ್ಗೆ ನಾನು ಮಾದರಿ ತುಣುಕು ಒಯ್ಯಲೆಂದು ಹಳದಿ ಗೆರೆಯ ಹತ್ತಿರ ನಿಂತಿದ್ದೆ. ಸೂಪರ್‌ವೈಸರ್ ಸೊಂಟದ ಗೊಂಚಲಿನಿಂದ ಒಂದು ಕೀ ತೆಗೆದು ಮೂರನೇ ಪ್ರೆಸ್ಸಿನ ಪ್ಯಾನೆಲ್ಲಿನಲ್ಲಿ ತಿರುಗಿಸಿದ್ದು ನನ್ನ ಕಣ್ಣೆದುರೇ. ಅದು ಸೆನ್ಸರನ್ನು ಆಫ್ ಮಾಡುವ ಕೀ ಎಂದು ನನಗೆ ತಿಳಿದದ್ದು ಆಮೇಲೆ. ಸೆನ್ಸರ್ ಇದ್ದರೆ ಪ್ರೆಸ್ ಪದೇ ಪದೇ ನಿಲ್ಲುತ್ತದೆ, ಮಾಲು ಕಡಿಮೆಯಾಗುತ್ತದೆ. ಆರ್ಡರ್ ಜಾಸ್ತಿಯಾದ ದಿನ ಕೀ ತಿರುಗುವುದು ಆ ಸಾಲಿನಲ್ಲಿ ಮಾಮೂಲು. ಆರಿದ ಸೆನ್ಸರಿಗೂ ಬೆರಳು ಚಾಚಿ ಯೋಶಿ ಎನ್ನುವುದೂ ಮಾಮೂಲು. ಬಿಹಾರದವನೂ ಅಂದ. ಸ್ವಲ್ಪ ಹೊತ್ತಿಗೆ ಡೈಯಲ್ಲಿ ತುಣುಕು ಸಿಕ್ಕಿಕೊಂಡಿತು, ಬಿಡಿಸಲು ಕೈ ಹಾಕಿದ. ಪ್ರೆಸ್ ಇಳಿಯಿತು. ‘ನಿಲ್ಸಿ’ ಎಂದು ಕನ್ನಡದಲ್ಲಿ ಕಿರುಚಿದವಳು ನಾನೇ ಎಂದು ಆಮೇಲೆ ಯಾರೋ ಹೇಳಿದರು. ಕೆಂಪು ಗುಂಡಿ ಒತ್ತಿದವನು ಪಕ್ಕದ ಮೆಷಿನ್ನಿನವನು. ಅಷ್ಟರಲ್ಲಿ ಬಲಗೈಯ ತೋರುಬೆರಳೂ ನಡುಬೆರಳೂ ಹೋಗಿದ್ದವು.

ಸಲಹೆಗಾರರ ವಿಚಾರಣೆಗೆ ಮೊದಲು ಪ್ರೊಡಕ್ಷನ್ ಮ್ಯಾನೇಜರ್ ನನ್ನನ್ನು ಕಾರಿಡಾರಿಗೆ ಕರೆದರು. ದಾವಣಗೆರೆಯವರು. ಎಲ್ಲರ ಹತ್ತಿರ ಹಿಂದಿ, ನನ್ನ ಹತ್ತಿರ ಮಾತ್ರ ಕನ್ನಡ.

“ನೋಡಮ್ಮಾ, ಅವನು ಗಮನ ಕೊಡ್ಲಿಲ್ಲ ಅಂತ ಹೇಳು, ಸಾಕು. ಕೀ ಗೀ ಎಲ್ಲಾ ಎತ್ತಬೇಡ.”

“ಸರ್, ನಾನು ನೋಡಿದೀನಿ. ತಪ್ಪು ಅವನದೇ ಅಂತಾದ್ರೆ ಠೇಕೇದಾರ ಅವನನ್ನ ವಾಪಸ್ ತಗೊಳ್ಳಲ್ಲ.”

“ನೀನು ನೋಡಿದ್ದನ್ನೆಲ್ಲ ಅನುವಾದ ಮಾಡು ಅಂತ ಯಾರು ಕೇಳಿದ್ರು? ನಾನು ಹೇಳಿದ್ದನ್ನ ಹೇಳು. ನಮ್ಮ ಕಡೆ ಹುಡುಗಿ ಅಂತ ಹೇಳ್ತಿದೀನಿ. ಚಲೋ, ಟೈಮಾಯ್ತು.”

ಹಿಂದಿಯ ಆ ಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಹಿಗ್ಗುತ್ತಿದ್ದವಳು ನಾನು.

ಒಳಗೆ ಮ್ಯಾನೇಜರ್ ಹೇಳಿದ್ದನ್ನು ಅನುವಾದಿಸಿದೆ. ಆಮೇಲೆ, ಇನ್ನು ಮುಂದಿನದು ನನ್ನ ಮಾತು ಎಂದು ಹೇಳಿ, ನಿಧಾನವಾಗಿ, ಒಂದೊಂದೇ ಕ್ರಿಯಾಪದ ಹುಡುಕಿಕೊಂಡು, ಸೆನ್ಸರ್ ಆಫ್ ಮಾಡಿದ್ದರು, ನಾನೇ ನೋಡಿದೆ ಎಂದೆ. ಸಲಹೆಗಾರರು “ಸೋ ದೆಸು ಕಾ” ಅಂದರು. ಹಾಗೋ, ಎಂದು. ಆ ಕೀ ಈಗ ಎಲ್ಲಿದೆ ಎಂದು ಕೇಳಿದರು. ಸೂಪರ್‌ವೈಸರ್ ಸೊಂಟದಲ್ಲಿ ಎಂದೆ. ತಲೆಯಾಡಿಸಿದರು. ಪೆನ್ನಿನ ಕ್ಯಾಪ್ ಹಾಕಿ, ಯೋಶಿ ಹೇಳುವ ಅಭ್ಯಾಸ ಸಡಿಲವಾಗಿದೆ, ಎಲ್ಲರಿಗೂ ಹೊಸದಾಗಿ ಕಲಿಸಬೇಕು ಅಂದರು. ಅದನ್ನು ಹಿಂದಿಗೆ ಅನುವಾದಿಸಿದವಳೂ ನಾನೇ. ವರದಿಯಲ್ಲಿ ಬಂದದ್ದು ಆಪರೇಟರನ ಅಜಾಗರೂಕತೆ.

ಅಂದಿನಿಂದ ಆ ಪ್ರೆಸ್ ನನ್ನೊಳಗೆ ಇಳಿಯುತ್ತಲೇ ಇದೆ. ಅನ್ನ ಕಲಸುವಾಗ, ಮೆಟ್ರೊ ಬಾಗಿಲು ಮುಚ್ಚುವಾಗ. ಚೆನ್ನಾಗಿ ನೆನಪಿದ್ದದ್ದು ದೂರ ಹೋಗಬೇಕೆಂಬುದು ಆ್ಯಪಿನ ನಿಯಮ. ಇದಕ್ಕೆ ಆ ನಿಯಮವಿಲ್ಲ.

ಗಾಯ ಮಾಗಿದ ಮೇಲೆ ಆ ಆಪರೇಟರ್ ಫೋನ್ ಮಾಡಿದ. ಠೇಕೇದಾರ ಗೇಟಿನಿಂದಲೇ ವಾಪಸ್ ಕಳಿಸಿದ್ದನಂತೆ.

“ದೀದಿ, ಜಪಾನಿ ಸಾಹೇಬರಿಗೆ ಕೀ ವಿಷಯ ಹೇಳಿದ್ರಾ?”

“ಹೇಳಿದೆ ಭಯ್ಯಾ.”

“ಹಾಗಾದ್ರೆ ಇನ್ನೊಂದು ಸಲ ಹೇಳಿ. ಅವರಿಗೆ ಅರ್ಥ ಆಗಿರಲ್ಲ. ನೀವು ಇನ್ನೂ ಕಲೀತಾ ಇದೀರಲ್ಲ, ಒಂದೆರಡು ಮಾತು ಹಿಂದೆಮುಂದೆ ಆಗಿರುತ್ತೆ. ಬೇಜಾರು ಮಾಡ್ಕೋಬೇಡಿ.”

ಹೌದು ಎಂದುಬಿಡುವುದು ಸುಲಭವಿತ್ತು. ಅವನಿಗೊಂದು ಆಸೆ ಉಳಿಯುತ್ತಿತ್ತು.

“ಅರ್ಥ ಆಗಿದೆ, ಭಯ್ಯಾ. ಅವರಿಗೆ ಪೂರ್ತಿ ಅರ್ಥ ಆಗಿದೆ.”

ಆ ಕಡೆ ಯಾವುದೋ ಪ್ರೆಷರ್ ಕುಕ್ಕರ್ ಸೀಟಿ ಹೊಡೆಯಿತು.

“ಅಚ್ಛಾ,” ಅಂದ. ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.