ಮಡಚಿಟ್ಟ ಜಮಖಾನೆ

ಅಕ್ಕಾ, ಆ ಡೇರೆಯಲ್ಲಿ ನಿಮಗೆ ಜಾಗವಿತ್ತು. ಇಲ್ಲವೆಂದು ತೋರಿಸಿದವಳು ನಾನು. ಎಂಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು, ನಿಮ್ಮ ಪಕ್ಕದಲ್ಲೇ ಕುಳಿತು ರೊಟ್ಟಿ ಬಡಿದಿದ್ದೇನೆ. ಈಗ ಸಾಕಾಗಿದೆ — ಮುಚ್ಚಿಡುವುದೂ ಒಂದು ದುಡಿಮೆಯೇ, ಅದಕ್ಕೆ ಭಾನುವಾರದ ರಜೆಯೂ ಇಲ್ಲ.

ಆ ಬೇಸಿಗೆ ನಿಮಗೆ ನೆನಪಿರಲೇಬೇಕು. ಆಲಮಟ್ಟಿಯ ಹಿನ್ನೀರಿನ ದಂಡೆಯಲ್ಲಿ ಎರಡು ದಿನ ಡೇರೆ ಹಾಕಿಕೊಂಡು ಇದ್ದು ಬರೋಣವೆಂದು ಮಕ್ಕಳು ಹಟ ಹಿಡಿದಿದ್ದವು. ಗೊಳಸಂಗಿಯ ನಮ್ಮ ಮನೆಯಲ್ಲಿ ಹತ್ತು ಜನ: ಅತ್ತೆ, ಮಾವ, ಅವರ ಇಬ್ಬರು ಗಂಡುಮಕ್ಕಳು, ಸೊಸೆಯರಾದ ನಾವಿಬ್ಬರು, ನಮ್ಮ ನಾಲ್ಕು ಮಕ್ಕಳು. ಮೊಬೈಲಿನಲ್ಲಿ ಡೇರೆ ಹುಡುಕುವ ಕೆಲಸ ಟೀಚರಮ್ಮನಾದ ನನ್ನ ಪಾಲಿಗೆ ಬಂತು. ದೊಡ್ಡದಿರಬೇಕು, ತುಟ್ಟಿಯಾಗಬಾರದು. ಒಂದರಲ್ಲಿ ನೆಟ್ಟಗೆ ನಿಲ್ಲುವಷ್ಟು ಎತ್ತರವಿಲ್ಲ, ಅತ್ತೆಗೆ ಬಗ್ಗಲಾಗದು. ಇನ್ನೊಂದರಲ್ಲಿ ಕಿಟಕಿಯೇ ಇಲ್ಲ, ನಮ್ಮ ಬಿಸಿಲಿಗೆ ಒಳಗಿದ್ದವರು ಬೆಂದೇ ಹೋಗಬೇಕು. ವಾರವೆಲ್ಲ ನೋಡಿ ನೋಡಿ ಕಣ್ಣು ಉರಿದ ಮೇಲೆ ಒಂದು ಹಸಿರು ಡೇರೆ ಸಿಕ್ಕಿತು. ಅಗ್ಗದ್ದು, ಹತ್ತು ಜನರಿಗೆ ಸರಿಯಾಗಿ ಸಾಕಾಗುವಂಥದ್ದು.

ಆದರೆ ಅತ್ತೆ ಬಾಯಿಮಾತಿನ ಅಳತೆ ನಂಬುವವರೇ? “ಫೂಟಿನ ಲೆಕ್ಕ ನನಗ ತಿಳಿಯಂಗಿಲ್ಲ. ಜಮಖಾನಿ ಹಾಸು, ಮಲಗಿ ನೋಡೂಣು” ಅಂದರು. ನಾನು ಟೇಪು ಹಿಡಿದು ಅಂಗಳದಲ್ಲಿ ಜಮಖಾನೆಗಳನ್ನು ಡೇರೆಯ ಅಳತೆಗೆ ಹಾಸಿದೆ. ಹಾಸುತ್ತ ಹಾಸುತ್ತ ಒಂದು ಬದಿಯ ಅಂಚನ್ನು ಒಳಗೆ ಮಡಚಿಬಿಟ್ಟೆ — ಮೂರು ಗೇಣು. ಟೇಪು ನನ್ನ ಕೈಯಲ್ಲಿತ್ತು, ಯಾರೂ ಕೇಳಲಿಲ್ಲ.

ನನಗೆ ಗೊತ್ತಿತ್ತು, ಅಕ್ಕಾ. ಮಾವನವರ ಎದುರು ಸೊಸೆ ಮೊದಲು ಮೈ ಚಾಚುವ ಪದ್ಧತಿ ನಮ್ಮಲ್ಲಿಲ್ಲ. ಹಿರಿಯರು ಮಲಗಬೇಕು, ಗಂಡಸರು, ಮಕ್ಕಳು, ಆಮೇಲೆ ನಾನು, ಎಲ್ಲರೂ ಆದ ಮೇಲೆ ಹಿರಿಯ ಸೊಸೆ. ಒಬ್ಬರಿಗೆ ಜಾಗ ಸಾಲದೆ ಹೋದರೆ ಆ ಒಬ್ಬರು ಯಾರು ಅನ್ನುವುದನ್ನು ನಾನು ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಎಲ್ಲರೂ ನಗುತ್ತ ಅಂಗಳದಲ್ಲಿ ಸಾಲಾಗಿ ಮಲಗಿದರು. ನೀವು ಸೆರಗು ಹೊದ್ದು ಅಂಚಿನಲ್ಲಿ ನಿಂತೇ ಇದ್ದಿರಿ. ಮಾವ ಹೊರಗೆ ಯಾರೂ ಮಲಗಕೂಡದು, ಹಾವು ಚೇಳಿನ ಜಾಗ ಅಂದರು. ಇನ್ನೊಂದು ಡೇರೆ ನೋಡು ಅಂತ ನಿಮ್ಮ ಮೈದುನ ಅಂದಾಗ, ಇದಕ್ಕಿಂತ ದೊಡ್ಡದು ನಮ್ಮ ಕೈಗೆ ಎಟುಕುವುದಿಲ್ಲ ಎಂದೆ. ಆಗ ನೀವೇ ಅಂದಿರಿ: “ಎಮ್ಮಿ ಹಿಂಡಾಕ ಯಾರರೆ ಬೇಕಲ್ಲ. ನಾ ಮನ್ಯಾಗ ಇರ್ತೇನಿ, ನೀವು ಹೋಗಿ ಬರ್ರಿ.” ಎಮ್ಮೆ ಹಿಂಡಲು ಪಕ್ಕದ ಮನೆಯಾಕೆಗೆ ಎರಡು ದಿನ ಮೊದಲೇ ನೀವು ಹೇಳಿಟ್ಟಿದ್ದು ನನಗೆ ತಿಳಿದಿತ್ತು.

ಯಾಕೆ ಮಾಡಿದೆ? ನಾನು ಶಾಲೆಗೆ ಹೋಗಿಬಿಡುತ್ತಿದ್ದೆ, ನನ್ನ ಮಕ್ಕಳು ನಿಮ್ಮ ಕೈಯಲ್ಲೇ ಬೆಳೆದವು. ಜ್ವರ ಬಂದರೆ ‘ದೊಡ್ಡವ್ವಾ’ ಅಂತಲೇ ನರಳುತ್ತಿದ್ದವು. ಎರಡು ದಿನ, ಎರಡೇ ದಿನ, ಅವು ನನ್ನನ್ನು ಕರೆಯಲಿ ಅನ್ನಿಸಿತ್ತು… ಹೊಟ್ಟೆಕಿಚ್ಚು, ಅಷ್ಟೇ. ಅದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ.

ಆದರೆ ನೀವು ಬರಲು ಹಂಬಲಿಸಿದ್ದು ನಮ್ಮ ಹಾಗೆ ಮೋಜಿಗಾಗಿ ಅಲ್ಲ. ನೀವು ಮದುವೆಯಾಗಿ ಬಂದ ಮರುವರ್ಷವೇ ನಿಮ್ಮ ತವರೂರು ಹಿನ್ನೀರಿನಲ್ಲಿ ಮುಳುಗಿತ್ತು. ಆ ವರ್ಷ ನೀರು ಬಹಳ ಕೆಳಗಿಳಿದು ಊರು ಕಾಣುತ್ತಿದೆ ಅಂತ ಸುದ್ದಿಯಿತ್ತು. ಹೊರಡುವಾಗ ರೊಟ್ಟಿಯ ಗಂಟು ನನ್ನ ಕೈಗಿತ್ತು ಅಂದಿರಿ: “ಶಾಂತಾ, ನಮ್ಮೂರ ಕಡೆ ಒಂದೀಟು ಹೋಗಿ ನೋಡ. ಏನರೆ ಕಂಡ್ರ ಬಂದು ಹೇಳು.”

ದಂಡೆಯಲ್ಲಿ ಡೇರೆ ಹಾಕಿದಾಗ ಒಂದು ಬದಿ ಖಾಲಿ ಉಳಿಯಿತು. ಅಲ್ಲಿ ರೊಟ್ಟಿಯ ಗಂಟು, ನೀರಿನ ಕ್ಯಾನು ಇಟ್ಟರು. “ಒಬ್ಬರು ಆರಾಮ ಮಲಗಬಹುದಿತ್ತಲ್ಲೋ” ಅಂದರು ಅತ್ತೆ. ನಾನು ಹಗ್ಗ ಬಿಗಿಯುವ ನೆಪದಲ್ಲಿ ಹೊರಗೆ ಬಂದೆ. ಮಕ್ಕಳು ಎರಡೂ ದಿನ ದೊಡ್ಡವ್ವ ಯಾಕೆ ಬರಲಿಲ್ಲ ಅಂತ ನನ್ನ ಜೀವ ತಿಂದವು. ಮರುದಿನ ಬೆಳಿಗ್ಗೆ ಒಬ್ಬಳೇ ನಿಮ್ಮೂರಿನ ಕಡೆ ನಡೆದು ಹೋದೆ. ವಾಪಸು ಬಂದು ಎಲ್ಲರಿಗೂ, ಆಮೇಲೆ ನಿಮಗೂ, ಬರೀ ನೀರು, ಏನೂ ಕಾಣಲಿಲ್ಲ ಅಂದೆ. ಅದೂ ಸುಳ್ಳು. ನೀವು ಏನು ಕಳೆದುಕೊಂಡಿರಿ ಅನ್ನುವುದು ನಿಮಗೆ ತಿಳಿಯದಿದ್ದರೆ ನನ್ನ ತಪ್ಪು ಸಣ್ಣದಾಗುತ್ತದೆ ಅಂದುಕೊಂಡಿದ್ದೆ.

ಆಮೇಲೆ ನೀರು ಅಷ್ಟು ಕೆಳಗೆ ಇಳಿದಿರಲಿಲ್ಲ. ಈ ಬೇಸಿಗೆ ಇಳಿದಿದೆ. ಆದರೆ ಸಕ್ಕರೆ ಕಾಯಿಲೆ ನಿಮ್ಮ ಎರಡೂ ಕಣ್ಣುಗಳನ್ನು ತಿಂದು ಮುಗಿಸಿದೆ. ಮೊನ್ನೆ ನಾನು ನಿಮ್ಮ ತಲೆ ಬಾಚುತ್ತಿದ್ದಾಗ ನೀವು ಎಷ್ಟು ಸಮಾಧಾನದಿಂದ ಅಂದಿರಿ: “ಆವತ್ತ ಏನೂ ಕಂಡಿದ್ದಿಲ್ಲ ಅಂದಿ ನೋಡು, ಚೊಲೋ ಆತು. ನಾ ಬಂದಿದ್ರೂ ಸುಮ್ನ ಆಗ್ತಿತ್ತು.” ಬಾಚಣಿಗೆ ಅಲ್ಲೇ ನಿಂತಿತು. ಆಮೇಲೆ ಜಡೆ ಹೆಣೆದು ಮುಗಿಸಿದೆ.

ಇದನ್ನು ಮಕ್ಕಳ ಕೈಲಿ ಓದಿಸುವುದಿಲ್ಲ. ನಾಳೆ ನಾನೇ ನಿಮ್ಮೆದುರು ಕುಳಿತು ಓದುತ್ತೇನೆ. ನಿಮ್ಮ ಸಮಾಧಾನವನ್ನು ಕಿತ್ತುಕೊಳ್ಳುತ್ತಿದ್ದೇನೆ ಅನ್ನುವುದು ಗೊತ್ತಿದೆ — ಅದು ನಿಮಗೆ ನಾನೇ ಕೊಟ್ಟ ಸುಳ್ಳು ಸಮಾಧಾನ. ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ.

ಕಂಡಿತ್ತು, ಅಕ್ಕಾ. ಗುಡಿಯ ಕಟ್ಟೆ ಕಂಡಿತ್ತು, ಬಾವಿಯ ಬಾಯಿ ಕಂಡಿತ್ತು. ಬಲೆ ಒಣಹಾಕುತ್ತಿದ್ದ ನಿಮ್ಮೂರಿನ ಮುದುಕಿಯೊಬ್ಬಳು ನಿಮ್ಮ ಹೆಸರು ಕೇಳಿದ್ದೇ ಕೈಹಿಡಿದು ಕರೆದೊಯ್ದು ನಿಮ್ಮ ಮನೆಯ ಹೊಸ್ತಿಲು ತೋರಿಸಿದಳು. “ಕಸ್ತೂರಿನ್ನ ಯಾಕ ಕರ್ಕೊಂಡು ಬರಲಿಲ್ಲವ್ವಾ?” ಅಂದಳು. ಜಾಗ ಸಾಲಲಿಲ್ಲ ಅಂದೆ. ಆಮೇಲೆ, ನಡೆದು ದಣಿವಾಗಿತ್ತೆಂದು, ಆ ಹೊಸ್ತಿಲ ಮೇಲೆಯೇ ಕುಳಿತೆ.